ನಾಡಹಬ್ಬದ ತರ್ಜುಮೆ

ಆ ವರ್ಷ ಶ್ರಾವಣ ಮುಗಿಯುವ ಹೊತ್ತಿಗೆ ಚಿತ್ತಾಪುರದ ತಹಸೀಲ್ ಕಚೇರಿಗೆ ಶಹಾಬಾದಿನ ಕನ್ನಡ ಮಂಡಳಿಯವರ ಅರ್ಜಿ ಬಂತು. ನವರಾತ್ರಿಯಲ್ಲಿ ನಾಡಹಬ್ಬ ಮಾಡುತ್ತೇವೆ, ಒಂಬತ್ತು ಸಂಜೆ ಒಂಬತ್ತು ಕಾರ್ಯಕ್ರಮ, ಅಪ್ಪಣೆ ದಯಪಾಲಿಸಬೇಕು ಎಂದು ಬರೆದಿದ್ದರು. ನಿಜಾಮರ ರಾಜ್ಯದಲ್ಲಿ ಆಗ ನಾಲ್ಕು ಜನ ಒಂದೆಡೆ ಕೂತು ಭಾಷಣ ಕೇಳುವುದಕ್ಕೂ ಸರಕಾರದ ಇಜಾಜತ್ ಬೇಕಿತ್ತು. ವೇದಿಕೆಯ ಮೇಲೆ ಏನು ಓದುತ್ತಾರೋ, ಏನು ಹಾಡುತ್ತಾರೋ ಅದನ್ನೆಲ್ಲ ಅಕ್ಷರ ಬಿಡದಂತೆ ಬರೆದು ಎರಡು ಪ್ರತಿ ಕೊಡಬೇಕು. ಅದು ಕಚೇರಿಯಲ್ಲಿ ಉರ್ದುವಿಗೆ ತರ್ಜುಮೆಯಾಗಬೇಕು. ತಹಸೀಲ್ದಾರರು ತರ್ಜುಮೆ ಓದಿ, ಬೇಡವಾದ ಕಡೆ ಕೆಂಪು ಗೀಟು ಎಳೆದು, ಉಳಿದದ್ದಕ್ಕೆ ಸಹಿ ಹಾಕಬೇಕು. ಕನ್ನಡದ ಒಂದು ಪ್ರತಿ ಮಿಸಲಿನಲ್ಲಿ, ಎಂದರೆ ಕಚೇರಿಯ ಕಡತದಲ್ಲಿ ಉಳಿಯುತ್ತದೆ. ಇನ್ನೊಂದರ ಕೊನೆಯ ಹಾಳೆಗೆ ಮೊಹರು ಒತ್ತಿ ಅರ್ಜಿದಾರರಿಗೆ ವಾಪಸು ಕೊಡುತ್ತಾರೆ.

ತರ್ಜುಮೆಯ ಕೆಲಸ ನನ್ನ ಪಾಲಿಗೆ ಬಂತು. ಕಚೇರಿಯ ಅಹಲ್ಕಾರರಲ್ಲಿ, ಎಂದರೆ ಗುಮಾಸ್ತರಲ್ಲಿ, ಎರಡೂ ಭಾಷೆಯನ್ನು ತಪ್ಪಿಲ್ಲದೆ ಬರೆಯುವವನು ನಾನೊಬ್ಬನೇ ಇದ್ದೆ.

ಕಾಗದದ ಕಟ್ಟು ಹಿಡಿದುಕೊಂಡು ಮಂಡಳಿಯ ಕಾರ್ಯದರ್ಶಿ ತಾವೇ ಬಂದರು. ನೋಡಿದರೆ ನಮ್ಮ ಮಾಸ್ತರರು! ನಾನು ಸೇಡಂನಲ್ಲಿ ಚಿಕ್ಕವನಾಗಿದ್ದಾಗ ಅವರು ಅಲ್ಲಿನ ಪ್ರಾಥಮಿಕ ಶಾಲೆಯಲ್ಲಿದ್ದರು. ಮುಂದಿನ ನನ್ನ ಓದೆಲ್ಲ ಉರ್ದುವಿನಲ್ಲಿ ನಡೆಯಿತು. ಕನ್ನಡವನ್ನು ಮರೆಯಬಾರದೆಂದು ನಮ್ಮ ತಂದೆ ಸಂಜೆ ಹೊತ್ತು ನನ್ನನ್ನು ಅವರ ಮನೆಗೆ ಕಳಿಸುತ್ತಿದ್ದರು. ನಮ್ಮ ತಂದೆ ಗುಡಿಯ ಪೂಜೆ ಮಾಡುವವರು, ಮಾಸ್ತರರು ಲಿಂಗವಂತರು. ಆದರೂ ಆ ಮನೆಯ ಪಡಸಾಲೆಯಲ್ಲಿ ನಾನು ಮಗನ ಹಾಗೆ ಕೂತು ಅಕ್ಷರ ತಿದ್ದಿದ್ದೇನೆ. ಈಗ ಅವರು ಶಹಾಬಾದಿನ ಸರಕಾರಿ ಶಾಲೆಯಲ್ಲಿದ್ದರು. ನಿವೃತ್ತಿಗೆ ಎರಡು ವರ್ಷ ಬಾಕಿ.

"ತಮ್ಮಾ, ನೀ ಇದ್ದೀ ಅಂತ ಕೇಳಿ ಜೀವ ತಂಪಾತು. ಬ್ಯಾರೆಯವ್ರ ಕೈಯಾಗ ಹೋದ್ರ ಎಲ್ಲಾ ಕೆಡಿಸ್ತಿದ್ರು. ಇನ್ನ ಚಿಂತಿ ಇಲ್ಲ ಬಿಡು" ಎಂದರು.

ಅವರು ಹೋದ ಮೇಲೆ ನಮ್ಮ ಪೇಷ್ಕಾರರು ನನ್ನನ್ನು ಕರೆದರು. ಪೇಷ್ಕಾರರೆಂದರೆ ತಹಸೀಲ್ದಾರರ ಕೆಳಗೆ ಕಡತಗಳನ್ನು ನೋಡಿಕೊಳ್ಳುವವರು. ಐದು ಹೊತ್ತಿನ ನಮಾಜು ಬಿಡದ ಹಿರಿಯರು, ಮಿತಭಾಷಿ. ಉರ್ದು, ಕನ್ನಡ ಕೂಡಿಸಿ ಮಾತಾಡುತ್ತಿದ್ದರು.

"ನಿನಗ ಅವ್ರು ಉಸ್ತಾದ್ ಅಲ್ಲಾ? ಅದಕ್ಕೇ ಹೇಳ್ತೀನಿ. ತರ್ಜುಮಾದಾಗ ಸಿಟ್ಟು ಹಾಕಬ್ಯಾಡ, ದಯಾ ರಹಮ್ ಭೀ ಹಾಕಬ್ಯಾಡ. ಬರದದ್ದು ಏನದ ಅಷ್ಟೇ ಇಳಸು. ಸಾಹೇಬ್ರು ಗೀಟು ಎಳದ್ರ ಎಳೀಲಿ. ಗೀಟಿನಿಂದ ಯಾರೂ ಸಾಯಂಗಿಲ್ಲ."

ನಾನು ತಲೆಯಾಡಿಸಿದೆ. ಮಾತು ಮನಸ್ಸಿಗೆ ಇಳಿಯಲಿಲ್ಲ.

ಕಷ್ಟ ಮೊದಲ ಹಾಳೆಯಿಂದಲೇ ಶುರುವಾಯಿತು. 'ನಾಡು' ಎಂಬ ಶಬ್ದಕ್ಕೆ ಏನು ಬರೆಯಬೇಕು? 'ಮುಲ್ಕ್' ಎಂದರೆ ಬೇರೆ ರಾಜ್ಯ ಕಟ್ಟುತ್ತಾರೆಂದು ಅರ್ಥವಾಗುತ್ತದೆ. 'ವತನ್', ತಾಯ್ನಾಡು, ಎಂದರೆ ಇನ್ನೂ ಕೆಟ್ಟದ್ದು. 'ಇಲಾಖಾ' ಎಂದು ಬರೆದೆ, ಬರೀ ಸೀಮೆ ಎಂದರ್ಥ. ನಾಡಹಬ್ಬವನ್ನು 'ಮೌಸಮೀ ಜಲ್ಸಾ' ಮಾಡಿದೆ, ಋತುಮಾನದ ಸಮಾರಂಭ. ಇದರಿಂದ ಯಾರಿಗೇನು ಕೇಡು ಎಂದುಕೊಂಡೆ. ಸನ್ನತಿಯ ಚಂದ್ರಲಾ ಪರಮೇಶ್ವರಿಯ ಮಹಿಮೆಯ ಕೀರ್ತನೆ, ವಚನಗಾಯನ, ಕಾವ್ಯವಾಚನ, ಹೆಣ್ಣುಮಕ್ಕಳ ಹಾಡು, ಇವು ಸುಲಭವಾಗಿ ಮುಗಿದವು. ಒಂದು ನಾಟಕವಿತ್ತು. ಅದರಲ್ಲಿ ರಾಜನೊಬ್ಬ ಸಿಂಹಾಸನ ಬಿಟ್ಟು ಕಾಡಿಗೆ ಹೋಗುತ್ತಿದ್ದ. ತಹಸೀಲ್ದಾರರು ಓದಿ, "ರಾಜ ಸಿಂಹಾಸನ ಯಾಕೆ ಬಿಡಬೇಕು?" ಎಂದು ಕೇಳಿದರು. ಇಡೀ ನಾಟಕಕ್ಕೆ ಕೆಂಪು ಗೀಟು ಬಿತ್ತು.

ಎಂಟನೆಯ ದಿನಕ್ಕೆ ಮಾಸ್ತರರ ಪ್ರಬಂಧವಿತ್ತು. ಎಂಟು ಹಾಳೆ. ನಾಲ್ಕು ಹಾಳೆಯ ತನಕ ಕವಿಗಳ ಮಾತು, ನುಡಿಯ ಸೊಬಗಿನ ಮಾತು. ಐದನೆಯ ಹಾಳೆ ತಿರುವಿದಾಗ ನನ್ನ ಕೈ ನಿಂತಿತು. ಒಬ್ಬ ತಾಯಿಯ ಸೀರೆಯನ್ನು ಹರಿದು ಐದು ಮನೆಗೆ ಹಂಚಿದ್ದಾರೆ, ಯಾವ ಮನೆಯಲ್ಲೂ ಅವಳು ಮೈತುಂಬ ಉಟ್ಟು ನಿಲ್ಲಲಾರಳು, ಹರಿದದ್ದನ್ನು ಹೊಲಿಯುವ ದಿನ ಬರುತ್ತದೆ, ನಾವು ಒಂದಾಗುತ್ತೇವೆ ಎಂದು ಬರೆದಿದ್ದರು. ಐದು ಸರಕಾರಗಳ ಕೆಳಗೆ ಹಂಚಿಹೋದ ಕನ್ನಡ ನಾಡನ್ನು ಕೂಡಿಸುವ ಮಾತು, ಹಾಳೆಯ ತುಂಬ ಅದೇ ಧಾಟಿ.

ಇದ್ದದ್ದನ್ನು ಇದ್ದ ಹಾಗೆ ಇಳಿಸಿದ್ದರೆ ಆ ಹಾಳೆಗೆ ಗೀಟು ಬೀಳುತ್ತಿತ್ತು. ಬಹುಶಃ ಇಡೀ ಪ್ರಬಂಧಕ್ಕೇ ಬೀಳುತ್ತಿತ್ತು. ಮಾಸ್ತರರು ಎರಡು ದಿನ ಬೇಜಾರಾಗಿ ಮೂರನೆಯ ದಿನ ಮರೆಯುತ್ತಿದ್ದರು. ಅಷ್ಟೇ ಆಗುತ್ತಿದ್ದದ್ದು. ನಾನು ಹಾಗೆ ಮಾಡಲಿಲ್ಲ. 'ಒಂದಾಗುತ್ತೇವೆ' ಎಂಬುದಕ್ಕೆ 'ಹಮ್ ಮಿಲ್ ಜುಲ್ ಕರ್ ರಹೇಂಗೆ' ಎಂದು ಬರೆದೆ. ಕೂಡಿ ಬಾಳುತ್ತೇವೆ ಎಂದರ್ಥ. ಸೀರೆಯ ಮಾತನ್ನು ತೆಗೆದು ಮಳೆ, ಬೆಳೆ, ದೊರೆಯ ದಯೆ ಎಂಬಂಥ ಮಾತು ತುಂಬಿದೆ. ತಹಸೀಲ್ದಾರರು ಅದನ್ನು ಓದಿ ಮೆಚ್ಚಿಕೊಂಡು, ನಿನ್ನ ಉಸ್ತಾದರು ಒಳ್ಳೆಯ ಮನುಷ್ಯ ಎಂದು ಸಹಿ ಹಾಕಿದರು. ಮಿಸಲಿನ ಕನ್ನಡ, ಉರ್ದು ಎರಡರ ಪ್ರತಿ ಹಾಳೆಯ ಕೆಳಗೂ 'ತರ್ಜುಮೆ ಸರಿಯಿದೆ' ಎಂದು ನನ್ನ ರುಜು ಇತ್ತು. ಮಾಸ್ತರರಿಗೆ ನಾನು ಏನೂ ಹೇಳಲಿಲ್ಲ. ಅವರು ಮೊಹರಿನ ಪ್ರತಿ ತೆಗೆದುಕೊಂಡು ಹೋಗುವಾಗ, "ನನ್ನ ಪ್ರಬಂಧದಾಗ ಒಂದು ಅಕ್ಷರಕ್ಕೂ ಗೀಟು ಬಿದ್ದಿಲ್ಲಲ್ಲೋ!" ಎಂದು ಕಣ್ಣರಳಿಸಿದರು. ಆ ಕ್ಷಣ ನನಗೆ ಭಾಳ ಹೆಮ್ಮೆಯಾಗಿತ್ತು.

ಹಬ್ಬದ ದಿನಗಳಲ್ಲಿ ನಾನು ಶಹಾಬಾದಿನಲ್ಲೇ ಇರಬೇಕೆಂದು ಹುಕುಂ ಆಯಿತು. ವೇದಿಕೆಯ ಪಕ್ಕದಲ್ಲಿ ಮಿಸಲು ಹಿಡಿದು ಕೂತು, ಓದುವವರು ಓದುತ್ತಿದ್ದಂತೆ ನಾನು ತರ್ಜುಮೆಯ ಸಾಲಿನ ಮೇಲೆ ಬೆರಳಾಡಿಸುತ್ತ ಹೋಗಬೇಕು. ಸಾಲು ತಪ್ಪಿದರೆ ಅಲ್ಲೇ ಇರುವ ಪೊಲೀಸ್ ಅಮೀನರಿಗೆ ಹೇಳಬೇಕು. ಅಮೀನರು ಶಹಾಬಾದಿಗೆ ಹೊಸದಾಗಿ ಬಂದವರು. ಉರ್ದು ಬಿಟ್ಟು ಬೇರೆ ಭಾಷೆಯಲ್ಲಿ ಅವರು ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. ದಿನಾ ಸಂಜೆ ಬಂದು, ಕುರ್ಚಿಯಲ್ಲಿ ಕಾಲು ಮೇಲೆ ಕಾಲು ಹಾಕಿ ಕೂತು, ಅರೆನಿದ್ದೆಯಲ್ಲಿದ್ದವರಂತೆ ಕಣ್ಣು ಮುಚ್ಚಿಕೊಂಡಿರುತ್ತಿದ್ದರು.

ಕಾರ್ಯಕ್ರಮ ನಡೆದದ್ದು ನೆಲಕ್ಕೆ ಹಾಸುವ ಪರಸಿ ಕಲ್ಲಿನ ವ್ಯಾಪಾರಿಯೊಬ್ಬರ ಅಂಗಳದಲ್ಲಿ. ಸುತ್ತ ಗೋಡೆಗೆ ಆನಿಸಿ ನಿಲ್ಲಿಸಿದ ಕಲ್ಲಿನ ಹಲಗೆಗಳು, ನಡುವೆ ಹಾಸಿದ ಕಲ್ಲಿನ ಮೇಲೆ ಜನ. ಹಗಲ ಬಿಸಿಲಿಗೆ ಕಾದ ಕಲ್ಲು ಪೆಟ್ರೋಮ್ಯಾಕ್ಸ್ ಹಚ್ಚಿದ ಮೇಲೂ ಬೆಚ್ಚಗಿರುತ್ತಿತ್ತು. ಮೊದಲ ದಿನ ನೂರು ಜನ ಇದ್ದಿರಬೇಕು. ಏಳನೆಯ ದಿನಕ್ಕೆ ಅಂಗಳ ತುಂಬಿ ಹೊರಗೆ ನಿಂತಿದ್ದರು. ನಾಟಕವಿರಬೇಕಿದ್ದ ಸಂಜೆ ಮಾಸ್ತರರು ಹೆಣ್ಣುಮಕ್ಕಳಿಂದ ಬೀಸುವ ಪದ ಹಾಡಿಸಿದರು. ಅದಕ್ಕೂ ಅವಸರದಲ್ಲಿ ತರ್ಜುಮೆ ಮಾಡಿ, ನಾನೇ ವಾಡಿಯಲ್ಲಿ ಗಾಡಿ ಬದಲಿಸಿ ಚಿತ್ತಾಪುರಕ್ಕೆ ಹೋಗಿ ಸಹಿ ತಂದಿದ್ದೆ. ಅಂಥ ಓಡಾಟದಲ್ಲಿ ಒಂದು ಸಂತೋಷವಿತ್ತೆಂದು ಒಪ್ಪಿಕೊಳ್ಳಬೇಕು.

ಎಂಟನೆಯ ಸಂಜೆ ಮಾಸ್ತರರು ಎದ್ದು ನಿಂತರು. ತಲೆಗೆ ಸುತ್ತಿದ ಬಿಳಿ ಪಟಗ, ಒಗೆದ ಅಂಗಿ. ನಾಲ್ಕು ಹಾಳೆ ಓದಿದರು. ಐದನೆಯದಕ್ಕೆ ಬಂದಾಗ ಕಾಗದ ನೋಡುವುದನ್ನು ಬಿಟ್ಟು ಜನರನ್ನು ನೋಡಿದರು. ಸೀರೆಯ ಮಾತು ಬಂತು. ಹೆಂಗಸರ ಕಡೆ ಯಾರೋ ಸೆರಗಿನಿಂದ ಕಣ್ಣು ಒರೆಸಿಕೊಂಡರು. "ನಾವು ಒಂದಾಗುತ್ತೇವೆ" ಎಂದರು. ನನ್ನ ಬೆರಳು 'ಮಿಲ್ ಜುಲ್ ಕರ್' ಎಂಬಲ್ಲಿತ್ತು. ಹಿಂದುಗಡೆ ನಿಂತಿದ್ದ ಕಲ್ಲುಗಣಿಯ ಆಳೊಬ್ಬ, "ಆಗ್ತೀವಿ!" ಎಂದು ಕೂಗಿದ. ಒಡನೆಯೇ ಇಪ್ಪತ್ತು ದನಿ, ಐವತ್ತು ದನಿ, "ಆಗ್ತೀವಿ! ಆಗ್ತೀವಿ!" ಅಂಗಳವೇ ಎದ್ದು ನಿಂತಿತು.

ಅಮೀನರು ಕಣ್ಣು ತೆರೆದರು. ಏನೂ ಮಾಡಲಿಲ್ಲ. ಪ್ರಬಂಧ ಮುಗಿಯುವ ತನಕ ಕೂತಿದ್ದರು. ಜನ ಕರಗಿದ ಮೇಲೆ ನನ್ನ ಹತ್ತಿರ ಬಂದು, ನಾನು ಹಿಡಿದಿದ್ದ ತರ್ಜುಮೆಯ ಹಾಳೆಯನ್ನು ಬೆರಳಿನಿಂದ ತಟ್ಟಿ, ಅಚ್ಚ ಕನ್ನಡದಲ್ಲಿ ಕೇಳಿದರು:

"ಒಂದಾಗ್ತೀವಿ ಅಂದ್ರ ಏನ್ರಿ?"

ನಾನು ಮಿಸಲು ಮುಚ್ಚಿದೆ.

"ನಾ ಚಿಂಚೋಳಿ ಕಡೆಯಾಂವ. ನಮ್ಮವ್ವಗ ಕನ್ನಡ ಬಿಟ್ರ ಬ್ಯಾರೆ ಮಾತೇ ಬರ್ತಿದ್ದಿಲ್ಲ. ಎಂಟು ದಿನದಿಂದ ಕೇಳ್ಲಿಕತ್ತೀನಿ. ನಿಮ್ಮ ತರ್ಜುಮಾ ಭಾಳ ಛಂದ ಅದ. ಆದ್ರ ಅವ್ರು ಓದಿದ್ದು ಇದಲ್ಲ."

ಅವರಿಗೆ ಸಿಟ್ಟು ಬಂದಿರಲಿಲ್ಲ. ಲೆಕ್ಕ ಬಿಡಿಸಿ ತೋರಿಸುವವರ ಹಾಗೆ ನಿಧಾನವಾಗಿ ಹೇಳಿದರು.

"ತಪ್ಪು ಎರಡು ಕಡೆ ಆಗಲಾರದು. ಅವ್ರು ಕೊಟ್ಟಿದ್ದು ಒಂದು, ಓದಿದ್ದು ಒಂದು ಅಂದ್ರ ಅವ್ರು ಸರಕಾರಕ್ಕ ಮೋಸ ಮಾಡ್ಯಾರ. ಇಲ್ಲಂದ್ರ ಸುಳ್ಳು ತರ್ಜುಮಾ ಮಾಡಿ ನೀವು ಮಾಡೀರಿ. ದಸರಾ ಮರುದಿನ ತಹಸೀಲ್ದಾರ್ ಸಾಹೇಬ್ರ ಮುಂದ ಪಂಚಾತಿ. ಮಿಸಲು ನಿಮ್ಮ ಕೈಯಾಗೇ ಅದ. ತಗೊಂಡು ಬರ್ರಿ. ಕಾಗದ ಏನ್ ಹೇಳ್ತದೋ ಅದೇ ಖರೆ."

ಮಿಸಲನ್ನು ಅವರು ಅಲ್ಲೇ ಕಸಿದುಕೊಳ್ಳಬಹುದಿತ್ತು. ಕಸಿದುಕೊಳ್ಳಲಿಲ್ಲ. ನನಗೆ ಎರಡು ದಿನ ಕೊಟ್ಟರು. ಆ ಎರಡು ದಿನ ಯಾಕೆ ಕೊಟ್ಟರೆಂಬುದು ನನಗೆ ಅಲ್ಲೇ ಗೊತ್ತಾಯಿತು. ಅವರಿಗೆ ಬೇಕಾಗಿದ್ದವರು ಮಾಸ್ತರರು, ಗುಮಾಸ್ತನಲ್ಲ.

ಒಂಬತ್ತನೆಯ ದಿನದ ಕಾರ್ಯಕ್ರಮ ರದ್ದಾಯಿತು. ನಾನು ಧರ್ಮಶಾಲೆಯ ಕೋಣೆಯಲ್ಲಿ ಹಗಲೆಲ್ಲ ಕೂತಿದ್ದೆ. ಸುಳ್ಳು ತರ್ಜುಮೆಗೆ ನೌಕರಿ ಹೋಗುವುದು ಖಂಡಿತ, ಜೈಲೂ ಆಗಬಹುದು. ಹೆಂಡತಿ ಬಸುರಿ, ಸೇಡಂನಲ್ಲಿ ತಂದೆ ಹಾಸಿಗೆ ಹಿಡಿದಿದ್ದರು. ಇವು ಕಾರಣಗಳು ನಿಜ, ಆದರೆ ಇವುಗಳಿಂದಲೇ ಮಾಡಿದೆ ಎಂದರೆ ಸುಳ್ಳಾಗುತ್ತದೆ. ನಾನು ಹೆದರಿದ್ದೆ. ಮಾಸ್ತರರಿಗೆ ಎಲ್ಲ ಹೇಳಿಬಿಡೋಣ, ಅವರೇ ಏನಾದರೂ ದಾರಿ ತೋರಿಸುತ್ತಾರೆ ಎಂದು ಒಮ್ಮೆ ಅನಿಸುತ್ತಿತ್ತು. ಮರುಗಳಿಗೆಗೆ ಬೇರೆ ಅನಿಸುತ್ತಿತ್ತು.

ದಸರೆಯ ದಿನ ಸಂಜೆ ಬನ್ನಿ ಹಿಡಿದುಕೊಂಡು ಅವರ ಮನೆಗೆ ಹೋದೆ. ಕಿರಿಯರು ಹಿರಿಯರಿಗೆ ಬನ್ನಿ ಕೊಟ್ಟು ಕಾಲು ಮುಟ್ಟುವ ದಿನ. ಕೊಟ್ಟೆ, ಮುಟ್ಟಿದೆ. "ಬಂಗಾರದ್ಹಂಗ ಇರು" ಎಂದು ಮಾಸ್ತರರು ತಲೆ ಸವರಿದರು. ಅವರ ಹೆಂಡತಿ ಹೋಳಿಗೆ ತಂದಿಟ್ಟರು.

"ಅಮೀನರು ಏನೇನೋ ಅನ್ಲಿಕತ್ತಾರಂತ. ನಾಳಿ ಚಿತ್ತಾಪುರಕ್ಕ ಕರಸ್ಯಾರ" ಎಂದು ಅವರೇ ಮಾತು ತೆಗೆದರು. "ಅಂಜಿಕಿ ಯಾಕ? ಇಜಾಜತ್ ಕೊಟ್ಟದ್ದೇ ಓದೀನಿ. ಮೊಹರಿನ ಪ್ರತಿ ಪೆಟಗಿದಾಗ ಅದ."

ಹೇಳಬೇಕಾದ ಮಾತು ಬಾಯಿಯ ತನಕ ಬಂತು. ನಾನು ಹೇಳಿದ್ದು ಬೇರೆ.

"ಆ ಪ್ರತಿ ನನಗ ಕೊಡ್ರಿ ಮಾಸ್ತರ್ರೇ. ಮಿಸಲಿನ ಕೂಡ ತಾಳೆ ನೋಡಿ ಇಡ್ತೀನಿ. ನಾಳಿಗೆ ಹಗುರಾಗ್ತದ."

ಮಾಸ್ತರರು ಒಂದು ಕ್ಷಣವೂ ಯೋಚಿಸಲಿಲ್ಲ. ಹೆಂಡತಿಯನ್ನು ಕರೆದು ಪೆಟ್ಟಿಗೆಯ ಬೀಗ ತೆಗೆಸಿದರು. ಆ ತಾಯಿ ಪ್ರತಿಯನ್ನು ಅರಿವೆಯಲ್ಲಿ ಸುತ್ತಿ, "ಜ್ವಾಕಿ ಅಪ್ಪಾ, ಎಣ್ಣಿ ಕೈ ಹತ್ತೀತು" ಎಂದು ಕೊಟ್ಟರು. ಹೋಳಿಗೆ ತಿಂದ ನನ್ನ ಕೈ ಜಿಡ್ಡಾಗಿತ್ತು.

ಧರ್ಮಶಾಲೆಗೆ ಬಂದು ಬಾಗಿಲು ಹಾಕಿಕೊಂಡೆ. ಮಿಸಲಿನಿಂದ ಐದನೆಯ ಹಾಳೆ ಬಿಚ್ಚಿದೆ. ಅದೇ ಅಳತೆಯ ಕಾಗದ ತೆಗೆದುಕೊಂಡು, ನಾನು ಉರ್ದುವಿನಲ್ಲಿ ಬರೆದಿದ್ದನ್ನೇ ಕನ್ನಡಕ್ಕೆ ತಿರುಗಿಸಿ ಬರೆದೆ. ಸಾಲುಗಳ ಎಣಿಕೆ ಕೂಡಬೇಕು, ಕೊನೆಯ ಸಾಲು ಆರನೆಯ ಹಾಳೆಯ ಮೊದಲ ಸಾಲಿಗೆ ಹೊಂದಬೇಕು. ಮೂರು ಸಲ ಕರಡು ಮಾಡಿದೆ. ಅಕ್ಷರಕ್ಕೆ ಮಾತ್ರ ತೊಂದರೆಯೇ ಆಗಲಿಲ್ಲ. 'ಳ'ದ ಸುತ್ತು, 'ಯ'ದ ಬಾಗು ಎಲ್ಲ ಅವರವೇ. ಅವರು ತಿದ್ದಿಸಿದ ಕೈ ತಾನೇ. ಕೆಳಗೆ ನನ್ನ ರುಜು ಹಾಕಿ, ದಾರ ಪೋಣಿಸಿ ಕಟ್ಟಿದೆ. ಮಿಸಲಿನ ಹಳೆಯ ಹಾಳೆಯನ್ನೂ ಮಾಸ್ತರರ ಎಂಟು ಹಾಳೆಯ ಪ್ರತಿಯನ್ನೂ ಬಚ್ಚಲಿನ ಹಂಡೆಯ ಒಲೆಗೆ ಹಾಕಿದೆ. ಮೊಹರಿನ ಅರಗು ಚಟಪಟ ಎಂದಿತು. ಕಾಯ್ದ ನೀರಿನಿಂದ ಸ್ನಾನವನ್ನೂ ಮಾಡಿದೆ.

ಮರುದಿನ ತಹಸೀಲ್ದಾರರ ಮುಂದೆ ಮಿಸಲು ಬಿಚ್ಚಿದರು. ಅಮೀನರು ಐದನೆಯ ಹಾಳೆಯನ್ನು ಗಟ್ಟಿಯಾಗಿ ಕನ್ನಡದಲ್ಲಿ ಓದಿದರು. ತರ್ಜುಮೆಗೆ ಅಕ್ಷರಶಃ ಕೂಡಿತು. ಮಾಸ್ತರರು ತಮ್ಮದೇ ಕೈಬರಹದಲ್ಲಿ ತಾವು ಬರೆಯದ ಮಾತನ್ನು ಕಣ್ಣು ಕಿರಿದು ಮಾಡಿ ನೋಡಿದರು.

"ಇದು ನಾ ಬರದದ್ದಲ್ರಿ ಸಾಹೇಬ್ರ. ನನ್ನ ಕಡೆ ಮೊಹರಿನ ಪ್ರತಿ ಅದ."

"ಎಲ್ಲಿದೆ?" ಎಂದರು ತಹಸೀಲ್ದಾರರು.

"ಇವ್ನ ಕೈಯಾಗ ನಿನ್ನಿ ಕೊಟ್ಟೀನ್ರಿ."

ಎಲ್ಲರೂ ನನ್ನನ್ನು ನೋಡಿದರು. ಮಾಸ್ತರರ ಮುಖದಲ್ಲಿ ಸಂಶಯ ಇರಲಿಲ್ಲ, ಇವನು ಈಗ ತೆಗೆದು ತೋರಿಸುತ್ತಾನೆ ಎಂಬ ನಂಬಿಕೆಯಿತ್ತು.

"ಇಲ್ಲ ಹುಜೂರ್. ನನಗೆ ಏನೂ ಕೊಟ್ಟಿಲ್ಲ" ಎಂದೆ.

ಪೇಷ್ಕಾರರು ಬಗ್ಗಿ ಮಿಸಲಿನ ಹಾಳೆಗಳ ಮೇಲೆ ಬೆರಳು ಸವರಿ, "ಈ ಒಂದು ಕಾಗದ ಹೊಸದಿದ್ದಂತಿದೆ" ಎಂದು ಉರ್ದುವಿನಲ್ಲಿ ಮೆಲ್ಲಗೆ ಹೇಳಿದರು. ತಹಸೀಲ್ದಾರರು ಅಮೀನರನ್ನು ನೋಡಿದರು. ಅಮೀನರು ಕಿಟಕಿಯ ಕಡೆ ನೋಡಿದರು. ಪೇಷ್ಕಾರರ ಮಾತನ್ನು ಯಾರೂ ಬರೆದುಕೊಳ್ಳಲಿಲ್ಲ.

ಮೋಸ ಮಾಡಿದ್ದು ತಪ್ಪಾಯಿತೆಂದು ಮುಚ್ಚಳಿಕೆ ಬರೆದುಕೊಟ್ಟರೆ ಶಿಕ್ಷೆ ಕಡಿಮೆ ಮಾಡುತ್ತೇವೆ ಎಂದರು ತಹಸೀಲ್ದಾರರು. ಮಾಸ್ತರರು ಬರೆಯಲಿಲ್ಲ. "ಓದಿದ್ದಕ್ಕ ಏನ್ ಶಿಕ್ಷಾ ಕೊಡ್ತೀರಿ ಕೊಡ್ರಿ. ಮಾಡಿಲ್ಲದ ಮೋಸ ಮಾಡೀನಿ ಅಂತ ಬರಿಯಂಗಿಲ್ಲ" ಎಂದರು. ನೌಕರಿ ಹೋಯಿತು, ಪಿಂಚಣಿ ಹೋಯಿತು. ಕಲಬುರ್ಗಿಯ ಜೈಲಿನಲ್ಲಿ ಕೆಲವು ತಿಂಗಳು ಇಟ್ಟರು. ಮಂಡಳಿಯ ಬಾಗಿಲಿಗೆ ಬೀಗ ಬಿತ್ತು.

ಒಂದು ದಿನ ಅವರ ಹೆಂಡತಿ ಕಚೇರಿಗೆ ಬಂದರು. "ನನ್ನ ಕೈಯಾರೆ ಅರಿವ್ಯಾಗ ಸುತ್ತಿ ಕೊಟ್ಟೀನಿ. ಆ ಹುಡುಗನ್ನ ಕರೀರಿ, ನನ್ನ ಮುಂದ ನಿಂತು ಇಲ್ಲ ಅನ್ಲಿ" ಎಂದು ಕಟ್ಟೆಯ ಮೇಲೆ ಕೂತುಬಿಟ್ಟರು. ನಾನು ದಫ್ತರದ ಕೋಣೆಯಲ್ಲಿ ಕಪಾಟುಗಳ ಹಿಂದೆ ನಿಂತಿದ್ದೆ. ಬೆಳಿಗ್ಗೆಯಿಂದ ಕಚೇರಿ ಮುಚ್ಚುವ ತನಕ ಅವರು ಏಳಲಿಲ್ಲ, ನಾನು ಹೊರಗೆ ಹೋಗಲಿಲ್ಲ. ಪೇಷ್ಕಾರರು ಅವರಿಗೆ ನೀರು ಕೊಟ್ಟು, ತಾವೇ ಸ್ಟೇಷನ್ನಿನ ತನಕ ಹೋಗಿ ಗಾಡಿ ಹತ್ತಿಸಿ ಬಂದರು. ಅಂದಿನಿಂದ ಪೇಷ್ಕಾರರು ನನ್ನ ಜೊತೆ ಕೆಲಸದ ಮಾತನ್ನು ಬಿಟ್ಟು ಒಂದು ಮಾತೂ ಆಡಲಿಲ್ಲ.

ಅಮೀನರು ಮಾತ್ರ ಆಡಿದರು. ಮುಂದಿನ ವರ್ಷ ಮಳೆಗಾಲ ಮುಗಿಯುತ್ತಿದ್ದಂತೆ ಬೇರೆ ಬೇರೆ ಊರಿನ ಅರ್ಜಿಗಳು ಬಂದವು. ಭಜನೆ, ಕೀರ್ತನೆ, ಕಾವ್ಯವಾಚನ. ಎಲ್ಲದಕ್ಕೂ ನನ್ನನ್ನೇ ಹಚ್ಚಬೇಕೆಂದು ಅವರು ಬರೆದು ಕಳಿಸಿದ್ದರು. ಭೇಟಿಯಾದಾಗ ಹೆಗಲ ಮೇಲೆ ಕೈಯಿಟ್ಟು, "ನಿಮ್ಮ ಅಕ್ಷರ ಭಾಳ ಛಲೋ ಅವ ಬಿಡ್ರಿ" ಎಂದರು. ಮತ್ತೇನೂ ಹೇಳಬೇಕಾಗಿರಲಿಲ್ಲ. ಆ ವರ್ಷ ನಾನು 'ನಾಡು' ಎಂದಿದ್ದಲ್ಲೆಲ್ಲ 'ಮುಲ್ಕ್' ಎಂದೇ ಬರೆದೆ. ಮೂರು ಊರಿನ ಹಬ್ಬಗಳು ನಿಂತವು.

ಎರಡು ವರ್ಷ ಕಳೆದ ಮೇಲೆ ಕಲಬುರ್ಗಿಯಿಂದ ಸೇಡಂಗೆ ಹೊರಟು ವಾಡಿ ಸ್ಟೇಷನ್ನಿನಲ್ಲಿ ಗಾಡಿ ಬದಲಿಸಲು ಇಳಿದಿದ್ದೆ. ಕಲ್ಲಿನ ಬೆಂಚಿನ ಮೇಲೆ ಮಾಸ್ತರರು ಕೂತಿದ್ದರು. ಪಟಗ ಇರಲಿಲ್ಲ, ತಲೆ ನುಣ್ಣಗಾಗಿತ್ತು. ತಪ್ಪಿಸಿಕೊಂಡು ಹೋಗಬಹುದಿತ್ತು. ಕಾಲು ಅತ್ತಲೇ ಹೋದವು. ಬಗ್ಗಿ ಪಾದ ಮುಟ್ಟಲು ಹೋದಾಗ ಅವರು ಕಾಲು ಹಿಂದಕ್ಕೆ ಎಳೆದುಕೊಂಡರು.

"ಆರಾಮದೀರೇನ್ರಿ? ಕುಂದ್ರಿ" ಎಂದರು. ಜನ್ಮದಲ್ಲಿ ಮೊದಲ ಸಲ ಅವರು ನನಗೆ 'ರೀ' ಹಚ್ಚಿ ಮಾತಾಡಿದ್ದು.

ನಾಲವಾರದ ಕಡೆ ಒಂದು ಹಳ್ಳಿಯಲ್ಲಿ ಮನೆಪಾಠ ಹೇಳುತ್ತಿದ್ದರಂತೆ. ಹೆಂಡತಿ ಹಿಂದಿನ ಬೇಸಿಗೆಯಲ್ಲಿ ತೀರಿಕೊಂಡರಂತೆ. ಅದನ್ನು ಗಾಳಿ ಮಳೆಯ ಸುದ್ದಿಯ ಹಾಗೆ ಹೇಳಿದರು. ನಾನು ಏನೋ ಹೇಳಲು ಹೋದೆ. ಕೈಯೆತ್ತಿ ತಡೆದರು.

"ಆ ಪ್ರತಿ ಇಟ್ಟೀರೇನ್ರಿ, ಸುಟ್ರಿ?"

"ಸುಟ್ಟೆ" ಎಂದೆ.

ಮಾಸ್ತರರು ಚೀಲದಿಂದ ಒಂದು ನೋಟುಬುಕ್ಕು, ಪೆನ್ಸಿಲು ತೆಗೆದರು.

"ನನ್ನ ಕಡೆ ಮತ್ತೊಂದು ಪ್ರತಿ ಇದ್ದಿದ್ದಿಲ್ಲ. ನೆನಪಿದ್ದಷ್ಟು ಬರ್ಕೊಳ್ಲಿಕತ್ತೀನಿ. ಏಳು ಹಾಳಿ ಆದವು. ಐದನೇದ್ರಾಗ ಸೀರಿ ಮಾತಿನ ತನಕ ಬರ್ತದ, ಮುಂದ ಆಗವಲ್ದು. ನೀವು ಒಂದೊಂದು ಸಾಲು ತರ್ಜುಮಾ ಮಾಡಿದೋರು. ನಿಮಗ ನೆನಪಿರಬೇಕು. ಹೇಳ್ರಿ."

ಬೇರೆ ಏನನ್ನಾದರೂ ಕೇಳಬಹುದಿತ್ತು. ಬೈಯಬಹುದಿತ್ತು. ನಾನು ಕಣ್ಣು ಮುಚ್ಚಿ ಆ ಹಾಳೆಯನ್ನು ಮನಸ್ಸಿನಲ್ಲಿ ಹುಡುಕಿದೆ. ಒಂದು ಸಾಲು ಸಿಕ್ಕಿತು, ಅದರ ಹಿಂದೆ ಇನ್ನೊಂದು. ಹೇಳುತ್ತ ಹೋದೆ. ಅವರು ಮಂಡಿಯ ಮೇಲೆ ನೋಟುಬುಕ್ಕು ಇಟ್ಟುಕೊಂಡು, ದುಂಡಗೆ ಬರೆದುಕೊಂಡರು. ಮೂರನೆಯ ಸಾಲಿಗೆ ಪೆನ್ಸಿಲು ನಿಂತಿತು. ಮಳೆ, ಬೆಳೆ ಎಂದು ಬರೆದದ್ದನ್ನು ಒಮ್ಮೆ ತುಟಿಯಲ್ಲೇ ಓದಿಕೊಂಡರು.

"ಇದು ನಂದಲ್ರಿ" ಎಂದರು.

ಆ ಎರಡು ಸಾಲಿಗೆ ಗೀಟು ಎಳೆದು, ನೋಟುಬುಕ್ಕನ್ನು ಚೀಲಕ್ಕೆ ಹಾಕಿಕೊಂಡರು. ನಾಲವಾರದ ಕಡೆಯ ಗಾಡಿ ಬಂದು ನಿಂತಿತ್ತು. ಬೆಂಚಿನ ತುದಿ ಹಿಡಿದು ಎದ್ದು, ನನ್ನ ಕಡೆ ನೋಡದೆ ಹೋಗಿ ಹತ್ತಿದರು.